ಒಂದು ಬ್ಯಾಕ್ಟೀರಿಯಾಕ್ಕೆ ಹೆಸರಿಡುವ ಉಸಾಬರಿ

ಆಸ್ಪತ್ರೆಯ ಮೈಕ್ರೋಬಯಾಲಜಿ ಲ್ಯಾಬಿನಲ್ಲಿ ‘ಡಿಫ್ತೆರಾಯ್ಡ್’ ಎಂದರೆ ಹೆಚ್ಚುಕಡಿಮೆ ಕಸವೆಂದೇ ಲೆಕ್ಕ. ಡಿಫ್ತೀರಿಯಾ ತರುವ ಬ್ಯಾಕ್ಟೀರಿಯಾದ ದಾಯಾದಿಗಳಿವು. ಆದರೆ ಅದರ ವಿಷ ಇವುಗಳಲ್ಲಿ ಬಹುಪಾಲಿಗೆ ಇಲ್ಲ. ಎಲ್ಲರ ಚರ್ಮದ ಮೇಲೂ ಮೂಗಿನೊಳಗೂ ತಮ್ಮ ಪಾಡಿಗೆ ತಾವಿರುತ್ತವೆ. ಕೀವು ತೆಗೆಯುವಾಗ ಚರ್ಮದಿಂದ ಬಂದು ಸೇರಿಕೊಂಡಿರಬೇಕು ಎಂದುಕೊಂಡು ವರದಿಯಲ್ಲಿ ಒಂದು ಸಾಲು ಗೀಚಿ ಬ್ಯಾಕ್ಟೀರಿಯಾ ಬೆಳೆಸಿದ ಪ್ಲೇಟನ್ನು, ಹಬೆಯಲ್ಲಿ ರೋಗಾಣು ಕೊಲ್ಲುವ ಆಟೋಕ್ಲೇವಿಗೆ ಹಾಕುವುದು ರೂಢಿ. ದಿನವಿಡೀ ಮಾದರಿಗಳು ಬಂದು ಬೀಳುವ ಮುಂಬಯಿಯ ಲ್ಯಾಬುಗಳಲ್ಲಿ ಇದನ್ನು ಸೋಮಾರಿತನ ಎನ್ನಲಾಗದು. ಪ್ರತಿಯೊಂದರ ಬೆನ್ನು ಹತ್ತಿದರೆ ನಿಜವಾದ ರೋಗಾಣುಗಳ ವರದಿ ತಡವಾಗುತ್ತದೆ.

ನಾನು ಹೇಳಹೊರಟಿರುವ ಬ್ಯಾಕ್ಟೀರಿಯಾ ಆ ಕಸದ ಬುಟ್ಟಿಯಿಂದ ಪಾರಾಗಿದ್ದು ನಮ್ಮ ಲ್ಯಾಬಿನ ಹಿರಿಯ ಟೆಕ್ನೀಷಿಯನ್ ಒಬ್ಬರಿಂದ. ಕುಂದಾಪುರದ ಕಡೆಯವರು, ನಿವೃತ್ತಿಗೆ ಹತ್ತಿರ ಬಂದವರು. ಪ್ಲೇಟು ನೋಡಿ ಅವರು ಹೇಳಿದ್ದನ್ನು ಯಂತ್ರ ನೋಡಿ ನಾವು ಹೇಳುವುದಕ್ಕೆ ಅರ್ಧ ದಿನ ಬೇಕು. ಒಂದು ಬೆಳಿಗ್ಗೆ ರಕ್ತ ಬೆರೆಸಿದ ಅಗಾರಿನ (ಬ್ಯಾಕ್ಟೀರಿಯಾ ಬೆಳೆಸುವ ಜೆಲ್ಲಿಯ) ಪ್ಲೇಟೊಂದನ್ನು ತಂದು ನನ್ನ ಮೇಜಿನ ಮೇಲಿಟ್ಟರು. “ಮೇಡಂ, ಇದನ್ನು ಬಿಸಾಡುವುದು ಬೇಡ. ಹೋದ ಸಲವೂ ಇದೇ ಬಂದಿತ್ತು. ಬೇರೆ ಯಾವುದೂ ಬಂದಿರಲಿಲ್ಲ.”

ಚರ್ಮದ ಕೊಳೆಯಾಗಿದ್ದರೆ ನಾಲ್ಕು ಬಗೆಯ ಕಾಲನಿಗಳು, ಅಂದರೆ ಬ್ಯಾಕ್ಟೀರಿಯಾದ ಗುಂಪುಗಳು, ಬೆರೆತು ಬರಬೇಕಿತ್ತು. ಒಂದೇ ಬಗೆ, ಅದೂ ಮತ್ತೆ ಮತ್ತೆ, ಅದೂ ಗಡ್ಡೆಯ ಆಳದಿಂದ ತೆಗೆದ ಕೀವಿನಲ್ಲಿ ಬಂದರೆ ತಲೆ ಕೆಡಿಸಿಕೊಳ್ಳಲೇಬೇಕು.

ಕೀವು ಬಂದದ್ದು ಒಬ್ಬ ಹೆಂಗಸಿನ ಎದೆಯ ಬಾವಿನಿಂದ. ವಿಜಯಪುರ ಜಿಲ್ಲೆಯಿಂದ ಬಂದು ಇಲ್ಲಿ ಸಂಸಾರ ಹೂಡಿದವರು. ಅವರ ಗುರುತು ಹತ್ತುವಂಥ ಮತ್ತೇನನ್ನೂ ಬರೆಯುವುದಿಲ್ಲ. ಎದೆಯಲ್ಲಿ ಗಟ್ಟಿ ಗಡ್ಡೆ, ಅದು ಒಡೆದು ಸೋರುವುದು, ಒಂದು ಕಡೆ ಮಾಯುವಷ್ಟರಲ್ಲಿ ಪಕ್ಕದಲ್ಲಿ ಇನ್ನೊಂದು ಬಾಯಿ. ಮೊದಲು ಎಲ್ಲರಿಗೂ ಕ್ಯಾನ್ಸರಿನ ಭಯ. ಬಯಾಪ್ಸಿಯಲ್ಲಿ ಕ್ಯಾನ್ಸರ್ ಅಲ್ಲ ಎಂದಾಯಿತು, ಗ್ರಾನ್ಯುಲೋಮ, ಅಂದರೆ ರಕ್ಷಣಾ ಕೋಶಗಳು ಒತ್ತಾಗಿ ಸೇರಿ ಕಟ್ಟಿದ ಗಂಟು, ಎಂದು ಬಂತು. ನಮ್ಮ ದೇಶದಲ್ಲಿ ಗ್ರಾನ್ಯುಲೋಮ ಎಂದ ಕೂಡಲೇ ವೈದ್ಯರ ಬಾಯಿಗೆ ಬರುವುದು ಕ್ಷಯ. ಬೇರೊಂದು ಕಡೆ ಕ್ಷಯದ ಮಾತ್ರೆಗಳನ್ನು ಶುರು ಮಾಡಿಯೂ ಆಗಿತ್ತು. ಕ್ಷಯದ ಬ್ಯಾಕ್ಟೀರಿಯಾ ಮಾತ್ರ ಸ್ಲೈಡಿನಲ್ಲೂ ಕಂಡಿರಲಿಲ್ಲ, ಜೀನ್‌ಎಕ್ಸ್‌ಪರ್ಟ್ ಪರೀಕ್ಷೆಯಲ್ಲೂ ಸಿಕ್ಕಿರಲಿಲ್ಲ.

ಇಲ್ಲೊಂದು ಸಿಕ್ಕು ಇದೆ. ಕ್ಷಯದ ಮಾತ್ರೆಗಳಲ್ಲಿ ರಿಫಾಂಪಿಸಿನ್ ಇರುತ್ತದೆ. ಅದು ಕ್ಷಯಕ್ಕಷ್ಟೇ ಮೀಸಲಾದ ಔಷಧಿಯಲ್ಲ, ಡಿಫ್ತೆರಾಯ್ಡ್ ಗುಂಪಿನ ಹಲವನ್ನೂ ಕೊಲ್ಲುತ್ತದೆ. ಹಾಗಾಗಿ ಮಾತ್ರೆ ಶುರುವಾದ ಮೇಲೆ ಬಾವು ಒಂದಿಷ್ಟು ಇಳಿಯುವುದುಂಟು. ಇಳಿಯಿತಲ್ಲ, ಹಾಗಾದರೆ ಕ್ಷಯವೇ ಇರಬೇಕು ಎಂದು ಎಲ್ಲರಿಗೂ ಸಮಾಧಾನ. ಇವರಿಗೂ ಹಾಗೇ ಒಮ್ಮೆ ಇಳಿದು ಮತ್ತೆ ಏರಿತ್ತು.

ನಾವು ಬಯಾಪ್ಸಿಯ ಸ್ಲೈಡುಗಳನ್ನು ತರಿಸಿಕೊಂಡು, ನಮ್ಮ ಪೆಥಾಲಜಿಸ್ಟ್ ಜೊತೆ ಎರಡು ತಲೆಯ ಸೂಕ್ಷ್ಮದರ್ಶಕದಲ್ಲಿ ಕೂತು ನೋಡಿದೆವು. ಗ್ರಾನ್ಯುಲೋಮದ ನಡುವೆ ಅಲ್ಲಲ್ಲಿ ಗುಂಡನೆಯ ಖಾಲಿ ಜಾಗಗಳು. ಅವು ನಿಜಕ್ಕೂ ಖಾಲಿಯಲ್ಲ. ಅಲ್ಲಿ ಕೊಬ್ಬಿನ ಹನಿ ಇತ್ತು, ಸ್ಲೈಡ್ ತಯಾರಿಸುವಾಗಿನ ದ್ರಾವಕಗಳಲ್ಲಿ ಕರಗಿಹೋಗಿರುತ್ತದೆ. ಆ ಗುಂಡಿಯ ಸುತ್ತ ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳು ಸಾಲಾಗಿ ಕಾವಲು ಕೂತಿವೆ. ಗ್ರಾಂ ಬಣ್ಣ ಹಾಕಿದ ಸ್ಲೈಡಿನಲ್ಲಿ ಎಣ್ಣೆಯ ಲೆನ್ಸ್ ಇಳಿಸಿ ಬಹಳ ಹೊತ್ತು ಹುಡುಕಿದ ಮೇಲೆ ಅಂಥದ್ದೊಂದು ಗುಂಡಿಯ ಒಳಗೆ ನೇರಳೆ ಬಣ್ಣದ ಪುಟ್ಟ ಕೋಲುಗಳು ಕಂಡವು. ಒಂದು ತುದಿ ತುಸು ದಪ್ಪ, ಎರಡೆರಡು ಕೋನವಾಗಿ ಅಂಟಿಕೊಂಡಿದ್ದವು. ಕೋಲುಗಳು ಇದ್ದದ್ದು ಗುಂಡಿಯೊಳಗೆ ಮಾತ್ರ, ಸುತ್ತಲಿನ ಅಂಗಾಂಶದಲ್ಲಿ ಒಂದೂ ಇಲ್ಲ. ಕೊಬ್ಬಿನಲ್ಲಿ ಮನೆ ಮಾಡಿಕೊಂಡ ಬ್ಯಾಕ್ಟೀರಿಯಾ ಇದು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿರಲಿಲ್ಲ.

ಸ್ತನದ ಈ ಬಗೆಯ ಬಾವಿಗೆ ಹೆಸರಾದ ಒಂದು ಬ್ಯಾಕ್ಟೀರಿಯಾ ಮೊದಲೇ ಇದೆ: ಕೊರಿನೆಬ್ಯಾಕ್ಟೀರಿಯಂ ಕ್ರೊಪೆನ್‌ಸ್ಟೆಡ್ಟಿಐ. ಮೊದಲ ಪದ ಕುಲದ ಹೆಸರು, ಡಿಫ್ತೀರಿಯಾದ್ದೂ ಅದೇ ಕುಲ; ಎರಡನೆಯದು ಪ್ರಭೇದದ್ದು. 1998ರಲ್ಲಿ ಕಫದಿಂದ ಬೇರ್ಪಡಿಸಿ, ಜರ್ಮನಿಯ ಸೂಕ್ಷ್ಮಜೀವಿ ವಿಜ್ಞಾನಿ ಕ್ರೊಪೆನ್‌ಸ್ಟೆಟ್ ಅವರ ಗೌರವಾರ್ಥ ಇಟ್ಟ ಹೆಸರು. ಅದಕ್ಕೂ ಸ್ತನದ ಬಾವಿಗೂ ಇರುವ ನಂಟನ್ನು 2000ದ ದಶಕದ ಆರಂಭದಲ್ಲಿ ನ್ಯೂಜಿಲೆಂಡಿನವರು ತೋರಿಸಿಕೊಟ್ಟರು. ಅದಕ್ಕೂ ಬೆಳೆಯಲು ಕೊಬ್ಬು ಬೇಕು. ನಮ್ಮದೂ ಅದೇ ಇರಬೇಕು ಎಂದುಕೊಂಡೆವು. ಟೆಕ್ನೀಷಿಯನ್ ಪ್ಲೇಟಿನ ಅರ್ಧಕ್ಕೆ ಕೊಬ್ಬಿನ ಆಮ್ಲ ಒದಗಿಸುವ ಟ್ವೀನ್ 80 ಎಂಬ ದ್ರವ ಹಚ್ಚಿ, ಇನ್ನರ್ಧವನ್ನು ಹಾಗೆಯೇ ಬಿಟ್ಟರು. ಬಿಟ್ಟ ಅರ್ಧದಲ್ಲಿ ಮೂರನೆಯ ದಿನವೂ ಸೂಜಿಮೊನೆಯಷ್ಟೇ ದೊಡ್ಡ, ಒಣಗಿದ ಬೂದು ಚುಕ್ಕೆಗಳು. ಟ್ವೀನ್ ಹಚ್ಚಿದ ಅರ್ಧದಲ್ಲಿ ಸಾಬಕ್ಕಿ ಚೆಲ್ಲಿದ ಹಾಗೆ ಕಾಲನಿಗಳು.

ಅಲ್ಲಿಂದ ಮಾಲ್ಡಿ-ಟಾಫ್ ಯಂತ್ರ. ಕಾಲನಿಯನ್ನು ಕಡ್ಡಿಯ ತುದಿಯಿಂದ ಉಕ್ಕಿನ ತಟ್ಟೆಯ ಮೇಲೆ ಸವರಿ, ಫಾರ್ಮಿಕ್ ಆಮ್ಲದ ಹನಿ ಹಾಕಿ, ಅದರ ಮೇಲೊಂದು ರಾಸಾಯನಿಕ ಒಣಗಿಸಿ ಲೇಸರ್ ಬಿಟ್ಟರೆ ಬ್ಯಾಕ್ಟೀರಿಯಾದ ಪ್ರೋಟೀನುಗಳು ಹಾರುತ್ತವೆ. ಹಗುರವಾದದ್ದು ಮೊದಲು, ಭಾರದ್ದು ಆಮೇಲೆ. ಹೀಗೆ ಮೂಡುವ ಗೆರೆಗಳನ್ನು ಯಂತ್ರ ತನ್ನ ಕಡತದಲ್ಲಿರುವ ಗೆರೆಗಳ ಜೊತೆ ಹೋಲಿಸಿ ಅಂಕ ಕೊಡುತ್ತದೆ. ನಮ್ಮಲ್ಲಿರುವ ಯಂತ್ರದ ಲೆಕ್ಕದಲ್ಲಿ 2.0 ದಾಟಿದರೆ ಪ್ರಭೇದ ಗೊತ್ತಾಯಿತು ಎಂದರ್ಥ. 1.7ರಿಂದ 2.0ರವರೆಗೆ ಕುಲ ಮಾತ್ರ. ಅದಕ್ಕಿಂತ ಕೆಳಗಿದ್ದರೆ ಯಂತ್ರ ಹೇಳಿದ್ದನ್ನು ನಂಬಬಾರದು. ಈ ವಿದ್ಯೆ ಬಂದ ಮೇಲೆ ಲ್ಯಾಬಿನ ಬದುಕೇ ಬದಲಾಗಿದೆ. ಎರಡು ದಿನದ ಕೆಲಸ ಹತ್ತು ನಿಮಿಷಕ್ಕಿಳಿದಿದೆ. ಆದರೆ ಕಡತದಲ್ಲಿ ಇಲ್ಲದ್ದನ್ನು ಯಂತ್ರ ಹೇಳಲಾರದು. ಇದ್ದವುಗಳಲ್ಲೇ ಹತ್ತಿರದ್ದನ್ನು ತೋರಿಸಿ ಕೈತೊಳೆದುಕೊಳ್ಳುತ್ತದೆ. ನಮ್ಮ ಬ್ಯಾಕ್ಟೀರಿಯಾಕ್ಕೆ ಅದು ತೋರಿಸಿದ್ದು ಕ್ರೊಪೆನ್‌ಸ್ಟೆಡ್ಟಿಐ ಹೆಸರನ್ನೇ. ಅಂಕ ಮಾತ್ರ 1.8ರ ಆಸುಪಾಸು. ಇದರ ಕೋಶದ ಗೋಡೆ ದಪ್ಪ, ಪ್ರೋಟೀನು ಸರಿಯಾಗಿ ಹೊರಬಂದಿಲ್ಲವೇನೋ ಎಂದು ಎಥನಾಲಿನಲ್ಲಿ ತೊಳೆದು ಮತ್ತೆ ಹಾಕಿದೆವು. ಗೆರೆಗಳು ಚೊಕ್ಕಟವಾಗಿ ಬಂದವು, ಅಂಕ ಏರಲಿಲ್ಲ.

ಇಷ್ಟು ಹೊತ್ತಿಗೆ ರೋಗಿಯ ಮಟ್ಟಿಗೆ ಆಗಬೇಕಾದದ್ದು ಆಗಿತ್ತು ಎಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ. ಯಾವ ಔಷಧಿಗೆ ಬಗ್ಗುತ್ತದೆ ಎಂದು ನೋಡಿ ವರದಿ ಕೊಟ್ಟೆವು. ಪ್ಲೇಟಿನಲ್ಲಿ ಪೆನಿಸಿಲಿನ್ ಬಳಗದ ಔಷಧಿಗಳೂ ಕೆಲಸ ಮಾಡುವಂತೆ ಕಂಡವು. ಆದರೆ ಅವು ಕೊಬ್ಬಿನ ಹನಿಯೊಳಗೆ ಸರಿಯಾಗಿ ಇಳಿಯುವುದಿಲ್ಲ. ಕೊಬ್ಬಿನಲ್ಲಿ ಕರಗುವ ಡಾಕ್ಸಿಸೈಕ್ಲಿನ್ ಒಳ್ಳೆಯದು ಎಂದು ಸರ್ಜನ್ ಜೊತೆ ಮಾತಾಡಿದೆ. ಕ್ಷಯದ ಮಾತ್ರೆ ನಿಲ್ಲಿಸಿ ಅದನ್ನು ಕೊಟ್ಟರು. ದೀರ್ಘಕಾಲದ ಚಿಕಿತ್ಸೆ, ಆದರೆ ಮಾಯಿತು.

ಅಂದರೆ ಹೆಸರೇ ಇಲ್ಲದೆ ರೋಗ ವಾಸಿಯಾಗಿತ್ತು. ಅವರ ಒಪ್ಪಿಗೆ ಪತ್ರಕ್ಕೆ ಸಹಿ ಪಡೆಯಲು ಹೊರರೋಗಿ ವಿಭಾಗಕ್ಕೆ ನಾನೇ ಹೋಗಿದ್ದೆ. ನಿಮ್ಮ ಕೀವಿನಲ್ಲಿ ಸಿಕ್ಕಿದ್ದು ಈವರೆಗೆ ಯಾರೂ ಹೆಸರಿಡದ ಬ್ಯಾಕ್ಟೀರಿಯಾ ಇರಬಹುದು, ಅದನ್ನು ಸಂಶೋಧನೆಗೆ ಬಳಸಿಕೊಳ್ಳಲು ಒಪ್ಪಿಗೆ ಬೇಕು ಎಂದು ಕನ್ನಡದಲ್ಲಿ ವಿವರಿಸಿದೆ. ಅವರು ಸ್ವಲ್ಪ ಹೊತ್ತು ಯೋಚಿಸಿದರು. “ಡಾಕ್ಟರ್ ಬಾಯಿ, ಹೆಸರೇ ಗೊತ್ತಿಲ್ಲದೆ ಔಷಧಿ ಹೇಗೆ ಕೊಟ್ಟಿರಿ?” ಎಂದು ಕೇಳಿದರು. ಆಮೇಲೆ ನಗುತ್ತಾ, “ಅದಕ್ಕೆ ನನ್ನ ಹೆಸರು ಮಾತ್ರ ಇಡಬೇಡಿ” ಎಂದು ಸಹಿ ಹಾಕಿದರು.

ಮೊದಲ ಪ್ರಶ್ನೆಗೆ ನನ್ನಲ್ಲಿ ಉತ್ತರ ಇತ್ತು. ಹಾಗಾದರೆ ಹೆಸರು ಯಾರಿಗಾಗಿ ಎಂಬುದಕ್ಕೆ ಇನ್ನೂ ಇರಲಿಲ್ಲ. ಮುಂದಿನದೆಲ್ಲ ಆ ಉತ್ತರ ಹುಡುಕುತ್ತಾ ಮಾಡಿದ ಕೆಲಸ.

ಮೊದಲು 16ಎಸ್ ಜೀನ್. ಎಲ್ಲ ಬ್ಯಾಕ್ಟೀರಿಯಾಗಳಲ್ಲೂ ಇರುವ, ನಿಧಾನವಾಗಿ ಬದಲಾಗುವ, ಸುಮಾರು 1,500 ಅಕ್ಷರಗಳ ಜೀನ್ ಇದು. 1977ರಲ್ಲಿ ಕಾರ್ಲ್ ವೋಸ್ ಎಂಬ ವಿಜ್ಞಾನಿ ಈ ಜೀನಿನಿಂದ ಬರುವ ಆರ್‌ಎನ್‌ಎ ಹೋಲಿಕೆಯಿಂದಲೇ ಆರ್ಕಿಯಾ ಎಂಬ ಜೀವಿಗಳ ಮೂರನೆಯ ಬಳಗವನ್ನು ತೋರಿಸಿದ್ದು. ಎರಡು ಬ್ಯಾಕ್ಟೀರಿಯಾಗಳ ಈ ಜೀನ್ ಶೇ. 97ಕ್ಕಿಂತ ಕಡಿಮೆ ಹೊಂದಿದರೆ ಬೇರೆ ಪ್ರಭೇದ ಎಂದು ಮೊದಲು ಹೇಳುತ್ತಿದ್ದರು. ಈಗ ಆ ಗೆರೆ 98.65ಕ್ಕೆ ಏರಿದೆ. ಕ್ರೊಪೆನ್‌ಸ್ಟೆಡ್ಟಿಐ ಜೊತೆ ಹೋಲಿಸಿದಾಗ ನಮ್ಮದು ಗೆರೆಗಿಂತ ತುಸು ಮೇಲೆಯೇ, ಅಂದರೆ ಅದೇ ಪ್ರಭೇದ ಎಂಬಂತೆ, ಬಂದು ಕೂತಿತು. ಇದೇನೂ ಆಘಾತವಲ್ಲ. ಕೊರಿನೆಬ್ಯಾಕ್ಟೀರಿಯಂ ಕುಲದಲ್ಲಿ 16ಎಸ್ ಅಷ್ಟಾಗಿ ಬೇರ್ಪಡಿಸಿ ಹೇಳುವುದಿಲ್ಲ ಎಂಬುದು ಗೊತ್ತಿರುವ ಸಂಗತಿ. ಆರ್‌ಪಿಓಬಿ ಎಂಬ ಇನ್ನೊಂದು ಜೀನ್ ಈ ಕುಲಕ್ಕೆ ಹೆಚ್ಚು ನಂಬಿಕಸ್ತ. ಅದರಲ್ಲಿ ವ್ಯತ್ಯಾಸ ಢಾಳಾಗಿ ಕಂಡಿತು. ಇನ್ನು ಇಡೀ ಜೀನೋಮ್, ಅಂದರೆ ಬ್ಯಾಕ್ಟೀರಿಯಾದ ಪೂರ್ತಿ ಡಿಎನ್‌ಎ, ಓದಿಸದೆ ವಿಧಿಯಿಲ್ಲ.

ಜೀನೋಮ್ ಕೆಲಸಕ್ಕೆ ಪುಣೆಯಲ್ಲಿರುವ ಮೈಸೂರಿನ ಗೆಳೆಯನೊಬ್ಬನನ್ನು ಹಿಡಿದೆ. ಬ್ಯಾಕ್ಟೀರಿಯಾದ ವಿಷಯಕ್ಕೆ ಪುಣೆ ದೊಡ್ಡ ಊರು. ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯದ ಹಳೆಯ ಸಂಗ್ರಹ ಅಲ್ಲಿದೆ, ರಾಷ್ಟ್ರೀಯ ಸೂಕ್ಷ್ಮಜೀವಿ ಸಂಪನ್ಮೂಲ ಕೇಂದ್ರವೂ ಅಲ್ಲೇ ಇದೆ. ಜೀವಂತ ರೋಗಾಣುವನ್ನು ಹಾಗೆಲ್ಲ ರೈಲಿನಲ್ಲಿ ಒಯ್ಯುವಂತಿಲ್ಲ. ಅದಕ್ಕೆ ಮೂರು ಪದರದ ಡಬ್ಬಿ, ಲೇಬಲ್, ಪರವಾನಗಿ ಹೊಂದಿದ ಕೊರಿಯರ್ ಬೇಕು. ಆದರೆ ಬ್ಯಾಕ್ಟೀರಿಯಾವನ್ನು ಕೊಂದು ತೆಗೆದ ಡಿಎನ್‌ಎ ಯಾರಿಗೂ ಅಂಟುವುದಿಲ್ಲ. ಬೆಳಗಿನ ಇಂದ್ರಾಯಣಿ ಎಕ್ಸ್‌ಪ್ರೆಸ್‌ನಲ್ಲಿ ಐಸ್ ಪ್ಯಾಕಿನ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ನಾನೇ ಒಯ್ದೆ. ಕರ್ಜತ್ ದಾಟುವಾಗ ವಡಾಪಾವ್ ತಿನ್ನಲು ಡಬ್ಬಿಯನ್ನು ಎಲ್ಲಿಡುವುದು ಎಂಬುದೇ ಆ ಪ್ರಯಾಣದ ದೊಡ್ಡ ಸಮಸ್ಯೆ.

ಸುಮಾರು 25 ಲಕ್ಷ ಅಕ್ಷರಗಳ ಜೀನೋಮ್ ಜೋಡಣೆಯಾಗಿ ಬಂತು. ಈಗ ಹೋಲಿಕೆ. ಎರಡು ಜೀನೋಮುಗಳು ಸರಾಸರಿ ಶೇ. 95–96ಕ್ಕಿಂತ ಹೆಚ್ಚು ಹೊಂದಿದರೆ ಒಂದೇ ಪ್ರಭೇದ, ಕಡಿಮೆಯಾದರೆ ಬೇರೆ. ಇದರ ಜೊತೆಗೆ ಡಿಎನ್‌ಎ ಬೆಸುಗೆಯ ಶೇ. 70ರ ಗೆರೆಯೂ ಇದೆ. ಅದು 1987ರಲ್ಲಿ ತಜ್ಞರ ಸಮಿತಿಯೊಂದು ಎಳೆದದ್ದು. ಆಗ ಎರಡು ಬ್ಯಾಕ್ಟೀರಿಯಾಗಳ ಡಿಎನ್‌ಎಯನ್ನು ನಿಜಕ್ಕೂ ಕಾಯಿಸಿ ಎಳೆ ಬಿಡಿಸಿ, ತಣಿಸಿ, ಒಂದರ ಎಳೆ ಇನ್ನೊಂದಕ್ಕೆ ಎಷ್ಟು ಅಂಟುತ್ತದೆ ಎಂದು ಅಳೆಯುತ್ತಿದ್ದರು. ಈಗ ಅದನ್ನೂ ಕಂಪ್ಯೂಟರ್ ಲೆಕ್ಕ ಹಾಕುತ್ತದೆ. ಎರಡೂ ಲೆಕ್ಕಗಳಲ್ಲಿ ನಮ್ಮದು ಗೆರೆಯ ಕೆಳಗೆ, ಕ್ರೊಪೆನ್‌ಸ್ಟೆಡ್ಟಿಐಗಿಂತ ಬೇರೆ.

ಗೆಳೆಯ ಮೇಜು ಕುಟ್ಟಿದ. ನಾನು ತಡೆದೆ. ಏಕೆಂದರೆ 2022ರಲ್ಲಿ ಚೀನಾದ ಸಂಶೋಧಕರು ಸ್ತನದ ಬಾವಿನಿಂದಲೇ ಬಂದ, ಕ್ರೊಪೆನ್‌ಸ್ಟೆಡ್ಟಿಐ ಎಂದು ಕರೆಸಿಕೊಳ್ಳುತ್ತಿದ್ದ ತಳಿಗಳ ಜೀನೋಮುಗಳನ್ನು ಓದಿ, ಅವುಗಳಲ್ಲಿ ಪ್ಯಾರಾಕ್ರೊಪೆನ್‌ಸ್ಟೆಡ್ಟಿಐ, ಸ್ಯೂಡೋಕ್ರೊಪೆನ್‌ಸ್ಟೆಡ್ಟಿಐ ಎಂಬ ಎರಡು ಹೊಸ ಪ್ರಭೇದಗಳಿವೆ ಎಂದು ತೋರಿಸಿದ್ದರು. ನಮ್ಮ ಯಂತ್ರದ ಕಡತಕ್ಕೆ ಅವಿನ್ನೂ ಸೇರಿರಲಿಲ್ಲ. ಅವುಗಳ ಜೀನೋಮ್ ಇಳಿಸಿಕೊಂಡು ಹೋಲಿಸಿದೆವು. ಅವುಗಳ ಜೊತೆಗೂ ಗೆರೆಯ ಕೆಳಗೇ ಬಂತು. ಆಗ ಮೇಜು ಕುಟ್ಟಲು ನನ್ನ ಅಡ್ಡಿಯಿರಲಿಲ್ಲ.

ಹೊಸತು ಎಂದು ನಮಗೆ ಗೊತ್ತಾಗುವುದು ಬೇರೆ, ಜಗತ್ತು ಒಪ್ಪುವಂತೆ ಹೆಸರಿಡುವುದು ಬೇರೆ. ಬ್ಯಾಕ್ಟೀರಿಯಾಗಳ ಹೆಸರಿಗೆ ಒಂದು ಅಂತಾರಾಷ್ಟ್ರೀಯ ಸಂಹಿತೆ ಇದೆ. 1980ರ ಜನವರಿ 1ರಂದು ಒಂದು ಅಂಗೀಕೃತ ಪಟ್ಟಿ ಹೊರಡಿಸಿ, ಅದರಲ್ಲಿ ಇಲ್ಲದ ಹಳೆಯ ಹೆಸರುಗಳಿಗೆಲ್ಲ ಮಾನ್ಯತೆ ಇಲ್ಲ ಎಂದು ಲೆಕ್ಕ ಚುಕ್ತಾ ಮಾಡಿದರು. ಅಂದಿನಿಂದ ಹೊಸ ಹೆಸರು ಮಾನ್ಯವಾಗಬೇಕಾದರೆ ಅದಕ್ಕೆಂದೇ ಇರುವ ಒಂದು ಅಂತಾರಾಷ್ಟ್ರೀಯ ನಿಯತಕಾಲಿಕದಲ್ಲಿ ಅದರ ವಿವರಣೆ ಬರಬೇಕು, ಇಲ್ಲವೇ ಬೇರೆಡೆ ಬಂದದ್ದನ್ನು ಅದರ ಮಾನ್ಯತಾ ಪಟ್ಟಿಗೆ ಸೇರಿಸಬೇಕು. ನಮ್ಮ ಬ್ಯಾಕ್ಟೀರಿಯಾದ ಹೆಸರು ಇನ್ನೂ ಆ ಹೊಸ್ತಿಲು ದಾಟಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿಲ್ಲ.

ವಿವರಣೆಯ ಭಾಗವಾಗಿ ರಾಸಾಯನಿಕ ಜಾತಕವನ್ನೂ ಬರೆಯಬೇಕು: ಗೋಡೆಯಲ್ಲಿ ಯಾವ ಅಮೈನೋ ಆಮ್ಲ, ಪೊರೆಯಲ್ಲಿ ಯಾವ ಕೊಬ್ಬಿನ ಆಮ್ಲ, ಉಸಿರಾಟಕ್ಕೆ ನೆರವಾಗುವ ಯಾವ ಮೆನಾಕ್ವಿನೋನ್, ಮೇಣದಂಥ ಮೈಕೋಲಿಕ್ ಆಮ್ಲ ಇದೆಯೋ ಇಲ್ಲವೋ. ಜೀನೋಮ್ ಕೈಯಲ್ಲಿರುವಾಗ ಇವುಗಳಲ್ಲಿ ಅರ್ಧದಷ್ಟು ಬರೀ ಶಾಸ್ತ್ರಕ್ಕೆ ಎಂದು ನನ್ನ ಅಭಿಪ್ರಾಯ. ಟ್ವೀನ್ ತಿಂದು ಬೆಳೆದ ಬ್ಯಾಕ್ಟೀರಿಯಾದ ಕೊಬ್ಬಿನ ಆಮ್ಲ ಅಳೆದರೆ ಅದರಲ್ಲಿ ಟ್ವೀನಿನದೆಷ್ಟು, ಬ್ಯಾಕ್ಟೀರಿಯಾದ್ದೆಷ್ಟು? ಆದರೂ ಮಾಡಿಸಿದೆವು. ಮೈಕೋಲಿಕ್ ಆಮ್ಲದ ವಿಷಯದಲ್ಲಿ ಮಾತ್ರ ಅರ್ಥವಿದೆ. ಈ ಕುಲದ ಬಹುಪಾಲು ಸದಸ್ಯರಲ್ಲಿ ಅದು ಉಂಟು, ಕ್ರೊಪೆನ್‌ಸ್ಟೆಡ್ಟಿಐಯಲ್ಲಿ ಇಲ್ಲ. ನಮ್ಮದರಲ್ಲೂ ಇಲ್ಲ.

ನಿಜವಾದ ಉಸಾಬರಿ ಶುರುವಾದದ್ದು ತಳಿಯನ್ನು ಠೇವಣಿ ಇಡುವಲ್ಲಿ. ಒಂದು ಪ್ರಭೇದದ ಹೆಸರು ಕಾಗದದ ಮೇಲಿನ ವಿವರಣೆಗೆ ಅಂಟಿಕೊಂಡಿರುವುದಿಲ್ಲ. ಅದು ಒಂದು ಜೀವಂತ ತಳಿಗೆ, ಅಂದರೆ ಮಾದರಿ ತಳಿಗೆ ಅಂಟಿಕೊಂಡಿರುತ್ತದೆ. ನಾಳೆ ಯಾರಿಗೇ ಅನುಮಾನ ಬಂದರೂ ಆ ತಳಿಯನ್ನು ತರಿಸಿ ಬೆಳೆಸಿ ನೋಡುವಂತಿರಬೇಕು. ಅದಕ್ಕಾಗಿ ಎರಡು ಬೇರೆ ಬೇರೆ ದೇಶಗಳ ಸಾರ್ವಜನಿಕ ಸಂಗ್ರಹಗಳಲ್ಲಿ ಅದನ್ನು ಇಡಬೇಕು, ಕೇಳಿದವರಿಗೆ ಅವರು ನಿರ್ಬಂಧವಿಲ್ಲದೆ ಕೊಡಬೇಕು ಎಂದು ಸಂಹಿತೆ ಹೇಳುತ್ತದೆ. ಇತ್ತ ನಮ್ಮ 2002ರ ಜೀವವೈವಿಧ್ಯ ಕಾಯ್ದೆ, ಭಾರತದ ಜೈವಿಕ ಸಂಪನ್ಮೂಲವನ್ನು ವಿದೇಶಿಯರು ಪಡೆಯಬೇಕಾದರೆ ಚೆನ್ನೈಯಲ್ಲಿರುವ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರದ ಅನುಮತಿ ಬೇಕು ಎನ್ನುತ್ತದೆ. ಹೊಸ ಪ್ರಭೇದ ಸಿಕ್ಕರೆ ಅದನ್ನು ದೇಶದೊಳಗಿನ ಗೊತ್ತುಪಡಿಸಿದ ಸಂಗ್ರಹಕ್ಕೆ ತಿಳಿಸಿ, ಅಲ್ಲಿ ಇಡಲೇಬೇಕು ಎಂದು ಅದರ 39ನೆಯ ಸೆಕ್ಷನ್ನಿನಲ್ಲಿದೆ.

ಕಾಯ್ದೆಯ ಮೇಲೆ ನನಗೆ ಸಿಟ್ಟಿಲ್ಲ. ನಮ್ಮ ಅರಿಸಿನಕ್ಕೂ ಬೇವಿಗೂ ಹೊರಗಿನವರು ಪೇಟೆಂಟ್ ಪಡೆದದ್ದನ್ನು ಕಂಡ ದೇಶ ಬೇಲಿ ಹಾಕಿಕೊಂಡರೆ ತಪ್ಪೇನು? ಆದರೆ ಬೇವಿನ ಮರಕ್ಕೆ ಹೊಲಿದ ಅಂಗಿಯನ್ನು ಕೀವಿನ ಬ್ಯಾಕ್ಟೀರಿಯಾಕ್ಕೂ ತೊಡಿಸಿದಾಗ ತೋಳು ಎಲ್ಲಿಗೆ ಬರುತ್ತದೆಂದು ಅರ್ಜಿ ತುಂಬಿದವರಿಗೇ ಗೊತ್ತು. ಆಸ್ಪತ್ರೆಯ ನೈತಿಕ ಸಮಿತಿಯ ಪತ್ರ, ರೋಗಿಯ ಒಪ್ಪಿಗೆ, ವಾಣಿಜ್ಯ ಉದ್ದೇಶವಿಲ್ಲ ಎಂಬ ಮುಚ್ಚಳಿಕೆ, ಒಂದಕ್ಕೊಂದು ಲಗತ್ತು. ಗೆಳೆಯನಿಗೆ ತಾಳ್ಮೆ ಮೀರಿತು. “ಅಕ್ಕಾ, ಸೀಕ್‌ಕೋಡ್ ಅಡಿಯಲ್ಲಿ ನೋಂದಾಯಿಸಿಬಿಡೋಣ” ಎಂದ. 2022ರಲ್ಲಿ ಬಂದ ಹೊಸ ಸಂಹಿತೆ ಅದು. ಅದರಲ್ಲಿ ಜೀವಂತ ತಳಿ ಬೇಡ, ಜೀನೋಮೇ ಮಾದರಿಯಾಗಿ ನಿಲ್ಲುತ್ತದೆ. ಸಮುದ್ರದ ಆಳದಲ್ಲೋ ಬಿಸಿನೀರಿನ ಬುಗ್ಗೆಯಲ್ಲೋ ಇರುವ, ಬೆಳೆಸಲು ಬಾರದ ಜೀವಿಗಳಿಗೆ ಅದು ವರವೇ ಸರಿ. ನಾನು ಒಪ್ಪಲಿಲ್ಲ. ಇನ್ನೊಂದು ಊರಿನ ಲ್ಯಾಬಿನವರು ತಮ್ಮ ಯಂತ್ರಕ್ಕೆ ಈ ಬ್ಯಾಕ್ಟೀರಿಯಾದ ಗೆರೆಗಳನ್ನು ಕಲಿಸಬೇಕಾದರೆ, ಹೊಸ ಔಷಧಿ ಇದರ ಮೇಲೆ ಕೆಲಸ ಮಾಡುತ್ತದೆಯೇ ನೋಡಬೇಕಾದರೆ, ಅವರಿಗೆ ಬೇಕಾದದ್ದು ಬೆಳೆಯುವ ಬ್ಯಾಕ್ಟೀರಿಯಾ. ಹೊರರೋಗಿ ವಿಭಾಗದಲ್ಲಿ ಹುಟ್ಟಿದ ಪ್ರಶ್ನೆಗೆ ಉತ್ತರ ನನಗೆ ಸಿಕ್ಕಿದ್ದು ಈ ಜಗಳದ ನಡುವೆ: ನಾವು ಹೆಸರಿಡುತ್ತಿದ್ದದ್ದು ಮುಂದಿನ ರೋಗಿಯ ಲ್ಯಾಬಿಗಾಗಿ.

ಕೊನೆಗೆ ಕಾಗದಪತ್ರ ಮುಗಿದು ತಳಿ ವಿದೇಶದ ಸಂಗ್ರಹವೊಂದಕ್ಕೆ ಹೋಯಿತು. ಕೆಲವು ವಾರಗಳ ಮೇಲೆ ಅಲ್ಲಿಂದ ಎರಡೇ ಸಾಲಿನ ಇಮೇಲ್: ನೀವು ಕಳಿಸಿದ್ದು ಬೆಳೆಯುತ್ತಿಲ್ಲ. ನಮ್ಮ ಟೆಕ್ನೀಷಿಯನ್ ಅದನ್ನು ಓದಿಸಿಕೊಂಡು, “ಟ್ವೀನ್ ಹಾಕಿದರಂತಾ?” ಎಂದಷ್ಟೇ ಕೇಳಿದರು. ನಮೂನೆಯಲ್ಲಿ ಅದನ್ನು ಬರೆದಿದ್ದೆವು, ಅವರು ತಮ್ಮ ಮಾಮೂಲಿ ಅಗಾರಿನಲ್ಲೇ ಹಾಕಿ ನೋಡಿದ್ದರು. ಮತ್ತೊಂದು ಆಂಪೂಲ್, ಈ ಸಲ ಕೆಂಪು ಅಕ್ಷರದ ಸೂಚನೆಯೊಂದಿಗೆ. ಬೆಳೆಯಿತು.

ಇನ್ನು ಹೆಸರು. ಇದಕ್ಕಾಗಿ ನಡೆದ ಮಾತುಕತೆ ಯಾವ ನಾಮಕರಣಕ್ಕೂ ಕಡಿಮೆಯಿಲ್ಲ. ಗೆಳೆಯ ಮುಂಬಯಿಗೆ ಬಂದಾಗ ಮಾಟುಂಗಾದ ಉಡುಪಿ ಹೋಟೆಲೊಂದರಲ್ಲಿ ಮೂವರೂ ಕೂತೆವು. ಊರಿನ ಹೆಸರು ಸೇರಿಸೋಣ ಎಂದು ನನ್ನ ಆಸೆ. ಮುಂಬಯಿಗೂ ಬ್ಯಾಕ್ಟೀರಿಯಾಗಳ ಚರಿತ್ರೆಗೂ ಹಳೆಯ ನಂಟು. ಕೊರಿನೆಬ್ಯಾಕ್ಟೀರಿಯಂ ಎಂಬ ಕುಲಕ್ಕೆ ಆ ಹೆಸರು ಬಂದ 1896ರಲ್ಲೇ ಈ ಊರಿಗೆ ಪ್ಲೇಗ್ ಬಂದದ್ದು. ಮರುವರ್ಷ ಹಾಫ್‌ಕಿನ್ ಎಂಬ ವಿಜ್ಞಾನಿ ಇಲ್ಲೇ ಅದಕ್ಕೆ ಲಸಿಕೆ ತಯಾರಿಸಿದರು, ಅವರ ಹೆಸರಿನ ಸಂಸ್ಥೆ ಇಂದಿಗೂ ಪರೇಲಿನಲ್ಲಿದೆ. ಆ ಪ್ಲೇಗಿನ ಬ್ಯಾಕ್ಟೀರಿಯಾದ ಹೆಸರಿನದೇ ಒಂದು ಕಥೆ. ಡಿಎನ್‌ಎ ಲೆಕ್ಕದಲ್ಲಿ ಅದು ಯೆರ್ಸೀನಿಯಾ ಸ್ಯೂಡೋಟ್ಯೂಬರ್‌ಕ್ಯುಲೋಸಿಸ್ ಎಂಬ ಇನ್ನೊಂದರ ಉಪಪ್ರಭೇದ ಮಾತ್ರ. ಹಾಗೆಂದು ಹೆಸರು ಬದಲಿಸಲು ಹೊರಟಾಗ, ಪ್ಲೇಗ್ ಎಂದು ಗೊತ್ತಾಗದೆ ಲ್ಯಾಬಿನವರ ಜೀವಕ್ಕೇ ಅಪಾಯವಾದೀತು ಎಂದು 1985ರಲ್ಲಿ ಬ್ಯಾಕ್ಟೀರಿಯಾ ಹೆಸರುಗಳ ತಕರಾರು ತೀರಿಸುವ ನ್ಯಾಯ ಆಯೋಗ ಆ ಬದಲಾವಣೆಯನ್ನು ತಳ್ಳಿಹಾಕಿತು. ಅಂದರೆ ಜೀನೋಮ್ ಏನೇ ಹೇಳಲಿ, ಲ್ಯಾಬಿನಲ್ಲಿ ಕೈಹಾಕುವವರ ಜೀವ ಮೊದಲು. ಈ ತೀರ್ಪು ನನಗೆ ಬಹಳ ಇಷ್ಟ.

ಊರಿನ ಹೆಸರಿಗೆ ಆಸ್ಪತ್ರೆಯ ಆಡಳಿತದವರು ಒಪ್ಪಲಿಲ್ಲ. ಅವರ ಅಂಜಿಕೆ ಅರ್ಥವಾಗುವಂಥದ್ದೇ. ಎನ್‌ಡಿಎಂ-1 ಎಂಬ, ಔಷಧಿಗೆ ಬಗ್ಗದಂತೆ ಮಾಡುವ ಕಿಣ್ವಕ್ಕೆ ನವದೆಹಲಿಯ ಹೆಸರಿಟ್ಟದ್ದು 2010ರಲ್ಲಿ ಎಂಥ ರಂಪವಾಯಿತು ಎಂದು ನೆನಪಿರಬಹುದು. ಮರುವರ್ಷ ಲ್ಯಾನ್ಸೆಟ್ ಪತ್ರಿಕೆಯ ಸಂಪಾದಕರೇ ಅದು ತಪ್ಪಾಯಿತು ಎಂದರು, ಆದರೆ ಹೆಸರು ಮಾತ್ರ ಇಂದಿಗೂ ಹಾಗೆಯೇ ಉಳಿದಿದೆ. ಯಾರೋ ಒಬ್ಬ ಹೆಂಗಸಿನ ಬಾವಿಗೆ ಇಡೀ ಊರನ್ನು ಹೊಣೆ ಮಾಡುವುದು ಸರಿಯಲ್ಲ ಎಂದು ನಾನೂ ಆಸೆ ಬಿಟ್ಟೆ.

ಗೆಳೆಯನದು ದೊಡ್ಡವರ ಹೆಸರಿನ ಪಕ್ಷ. ವಾಯುಮಂಡಲದ ಮೇಲ್ಪದರದಿಂದ ತಂದ ಬ್ಯಾಕ್ಟೀರಿಯಾಕ್ಕೆ 2009ರಲ್ಲಿ ಆರ್ಯಭಟನ ಹೆಸರಿಟ್ಟಿದ್ದಾರೆ, ಅಂತರಿಕ್ಷ ನಿಲ್ದಾಣದ ಫಿಲ್ಟರಿನಲ್ಲಿ ಸಿಕ್ಕಿದ್ದಕ್ಕೆ ಕಲಾಂ ಅವರದು, ಗಿಡಗಳ ಬೆಳವಣಿಗೆಗೆ ನೆರವಾಗುವ ಒಂದಕ್ಕೆ ಟ್ಯಾಗೋರರದು. ನಾವೂ ಕನ್ನಡದ ಯಾರಾದರೂ ಒಬ್ಬರನ್ನು ಹಿಡಿಯೋಣ ಎಂದ. ಬಾನಿನಲ್ಲಿ ಹಾರುವುದಕ್ಕೆ, ಬೆಳೆ ಬೆಳೆಸುವುದಕ್ಕೆ ಹಿರಿಯರ ಹೆಸರು ಸರಿ, ಕೀವಿನದಕ್ಕೆ ಯಾವ ಹಿರಿಯರ ಮನೆಯವರು ಒಪ್ಪುತ್ತಾರೆ ಎಂದೆ. ಟೆಕ್ನೀಷಿಯನ್ ಅಣ್ಣ ಗೋಳಿಬಜೆ ಮುರಿಯುತ್ತಾ ತಮ್ಮ ಊರಿನ ದೈವದ ಹೆಸರು ಹೇಳಿದರು. ಹೇಳಿದ ಮರುಗಳಿಗೆಯೇ “ಶಿವ ಶಿವಾ, ತಪ್ಪಾಯಿತು” ಎಂದು ಎರಡೂ ಕೆನ್ನೆ ಬಡಿದುಕೊಂಡರು. ಅವರ ಹೆಸರನ್ನೇ ಇಡೋಣ ಎಂಬ ನನ್ನ ಸೂಚನೆಗೂ ಅದೇ ಗತಿಯಾಯಿತು. ಅವರು ಲೇಖನದ ಲೇಖಕರಲ್ಲಿ ಒಬ್ಬರು. ಲೇಖಕರು ತಮ್ಮ ಹೆಸರನ್ನೇ ಇಟ್ಟುಕೊಳ್ಳುವುದು ಈ ಲೋಕದಲ್ಲಿ ಮರ್ಯಾದೆಯಲ್ಲ.

ಉಳಿದದ್ದು ಗುಣವಾಚಕ, ಅದೂ ಲ್ಯಾಟಿನ್ನಿನಲ್ಲಿ. ಕೊರಿನೆಬ್ಯಾಕ್ಟೀರಿಯಂ ಎಂಬುದು ನಪುಂಸಕಲಿಂಗ, ವಿಶೇಷಣವೂ ಅದೇ ಲಿಂಗದಲ್ಲಿರಬೇಕು. ಊರಿನ ಹೆಸರೇ ಇಟ್ಟಿದ್ದರೂ ಕೊನೆಗೆ ‘ಆ ಊರಿನ’ ಎಂಬರ್ಥದ ‘ಎನ್ಸಿಸ್’ ಬರುತ್ತಿರಲಿಲ್ಲ, ‘ಎನ್ಸೆ’ ಬರಬೇಕಿತ್ತು. ಇದರಲ್ಲಿ ಎಡವಿದವರು ಕಡಿಮೆಯೇನಿಲ್ಲ. ಹೊಟ್ಟೆಯ ಹುಣ್ಣಿಗೆ ಕಾರಣವಾದ, ಮುಂದೆ ನೊಬೆಲ್ ತಂದುಕೊಟ್ಟ ಬ್ಯಾಕ್ಟೀರಿಯಾವನ್ನೂ ಮೊದಲು ಪೈಲೋರಿಡಿಸ್ ಎಂದು ಕರೆದು, ವ್ಯಾಕರಣ ತಪ್ಪಿದೆ ಎಂದು 1987ರಲ್ಲಿ ಪೈಲೋರಿ ಎಂದು ತಿದ್ದಿದರು. 1989ರಲ್ಲಿ ಕುಲವನ್ನೂ ಬದಲಿಸಿ ಹೆಲಿಕೊಬ್ಯಾಕ್ಟರ್ ಮಾಡಿದರು. ನಮ್ಮದಕ್ಕೆ ಅದರ ಕೊಬ್ಬಿನ ಚಟ ಸೂಚಿಸುವ ಹೆಸರು ಆರಿಸಿದೆವು. ಹೆಸರು ಓದಿದವರಿಗೇ ಟ್ವೀನ್ ಹಾಕಬೇಕು ಎಂದು ಹೊಳೆಯಲಿ ಎಂಬುದು ಉದ್ದೇಶ. ವಿದೇಶದ ಆ ಎರಡು ಸಾಲಿನ ಇಮೇಲಿನ ಪಾಲೂ ಇದರಲ್ಲಿದೆ.

ಲೇಖನ ಕಳಿಸಿದೆವು. ಪರಿಶೀಲಕರ ದೊಡ್ಡ ಆಕ್ಷೇಪ ಒಂದೇ: ಒಬ್ಬ ರೋಗಿ, ಒಂದು ತಳಿ. ಸಂಹಿತೆಯ ಪ್ರಕಾರ ಒಂದು ತಳಿ ಸಾಕು, ಆದರೆ ಆಕ್ಷೇಪ ನ್ಯಾಯವಾದದ್ದು. ಒಂದೇ ತಳಿಯ ಗುಣಗಳನ್ನು ಇಡೀ ಪ್ರಭೇದದ ಗುಣಗಳೆಂದು ಬರೆದರೆ, ಒಬ್ಬ ಮುಂಬಯಿಕರನನ್ನು ನೋಡಿ ಊರಿನವರೆಲ್ಲರ ಎತ್ತರ ಬರೆದಂತೆಯೇ. ಗೆಳೆಯ ಪುಣೆಯ ಲ್ಯಾಬುಗಳಿಗೆಲ್ಲ ಫೋನು ಹಚ್ಚಿದ. ಅಂಥದ್ದು ನಮ್ಮಲ್ಲೂ ಬರುತ್ತದೆ, ಡಿಫ್ತೆರಾಯ್ಡ್ ಎಂದು ಬಿಸಾಡುತ್ತೇವೆ ಎಂಬುದೇ ಹೆಚ್ಚಿನವರ ಉತ್ತರ. ಒಂದೇ ಒಂದು ಕಡೆ, ಯಾರೋ ಜಾಗರೂಕ ಹುಡುಗಿ ಸ್ತನದ ಬಾವಿನಿಂದ ಬಂದ ತಳಿಯೊಂದನ್ನು ಶೈತ್ಯಾಗಾರದಲ್ಲಿ ಎತ್ತಿಟ್ಟಿದ್ದಳು. ಅದರ ಮೇಲಿನ ಚೀಟಿಯಲ್ಲಿ ಇದ್ದದ್ದು ಕ್ರೊಪೆನ್‌ಸ್ಟೆಡ್ಟಿಐ ಹೆಸರು, ಮುಂದೊಂದು ಪ್ರಶ್ನಾರ್ಥಕ ಚಿಹ್ನೆ. ಜೀನೋಮ್ ಓದಿಸಿದಾಗ ನಮ್ಮದರ ಜೊತೆ ಗೆರೆಯ ಬಹಳ ಮೇಲೆ ಹೊಂದಿತು. ಆ ಹುಡುಗಿಯ ಹೆಸರನ್ನೂ ಲೇಖಕರ ಪಟ್ಟಿಗೆ ಸೇರಿಸಿ ಲೇಖನವನ್ನು ಮತ್ತೆ ಕಳಿಸಿದ್ದೇವೆ.

ಎರಡೂ ತಳಿಗಳ ಗೆರೆಗಳನ್ನು ನಮ್ಮ ಮಾಲ್ಡಿ ಯಂತ್ರದ ಕಡತಕ್ಕೆ ಸೇರಿಸಿದ್ದೇವೆ, ಕೇಳಿದವರಿಗೆ ಕೊಡುತ್ತಿದ್ದೇವೆ. ಹೆಸರು ಮಾನ್ಯವಾಗುವವರೆಗೆ ನಮ್ಮ ವರದಿಯಲ್ಲಿ ‘ಕೊಬ್ಬು ಬೇಡುವ ಕೊರಿನೆಬ್ಯಾಕ್ಟೀರಿಯಂ, ಚರ್ಮದ ಕೊಳೆ ಎಂದು ಬಿಡಬೇಡಿ, ಕ್ಷಯದ ಮಾತ್ರೆ ಶುರು ಮಾಡುವ ಮುನ್ನ ಫೋನ್ ಮಾಡಿ’ ಎಂದು ಬರೆಯುತ್ತೇವೆ. ಮುಂಬಯಿ, ಪುಣೆ, ಗೋವಾದ ಲ್ಯಾಬುಗಳಲ್ಲಿ ನಮ್ಮವರು ಬಹಳ ಜನ ಇದ್ದಾರೆ. ಅವರಲ್ಲಿ ಯಾರಾದರೂ ಇದನ್ನು ಓದುತ್ತಿದ್ದರೆ, ಸ್ತನದ ಬಾವಿನ ಕೀವು ಬಂದಾಗ ಪ್ಲೇಟನ್ನು ಮರುದಿನವೇ ಎಸೆಯದೆ ಮೂರು ದಿನವಾದರೂ ಇಡಿ, ಅರ್ಧಕ್ಕೆ ಟ್ವೀನ್ ಹಚ್ಚಿ. ಚುಕ್ಕೆಗಳು ದಪ್ಪಗಾದರೆ ಒಂದು ವಯಲ್‌ನಲ್ಲಿ ಎತ್ತಿ ಮೈನಸ್ 80ರಲ್ಲಿ ಇಡಿ. ಶೇ. 20ರ ಗ್ಲಿಸರಾಲ್ ಸಾಕು.